ಕಾಗೆ ಮುಟ್ಟದ ಪಿಂಡ

ನನ್ನ ಹೆಂಡತಿ ತೀರಿಕೊಂಡ ಹತ್ತನೆಯ ದಿನ, ಹೊಳೆಯ ದಂಡೆಯಲ್ಲಿ ಮಗ ವಾದಿರಾಜ ಪಿಂಡ ಇಟ್ಟ. ಗಂಟೆ ಕಳೆದರೂ ಕಾಗೆಗಳು ಮರದಿಂದ ಇಳಿಯಲಿಲ್ಲ.

"ತಾಯಿಗೆ ಏನೋ ಆಸೆ ಉಳಿದಿದೆ. ನಡೆಸಿಕೊಡ್ತೀನಿ ಅಂತ ಮಾತು ಕೊಡಪ್ಪ," ಎಂದರು ಪುರೋಹಿತರು.

"ವರ್ಷಾಬ್ದಿಕ ಕಾಶಿಯಲ್ಲೇ ಮಾಡ್ತೀನಮ್ಮ," ಎಂದ ಮಗ. ಕಾಗೆ ಬರಲಿಲ್ಲ.

"ನಿನ್ನ ಕೆಂಚನ ವಿಷಯ ಇರಬೇಕು ಕಣೋ," ಎಂದೆ. "ಬೆಳಿಗ್ಗೆ ಕಟ್ಟಿಹಾಕಿ ಹೋದರೆ ಕತ್ತಲಾಗೋವರೆಗೂ ಆ ನಾಯಿ ಒಂದೇ ಇರತ್ತೆ ಅಂತ ಕೊನೇವರೆಗೂ ಕೊರಗಿದಳು."

"ನಾಯಿಗೋಸ್ಕರ ಕಾಗೆ ಹಟ ಮಾಡತ್ತೇನಪ್ಪ?"

"ಹೇಳಿ ನೋಡು."

ಅವನು ಕೈಮುಗಿದ. "ಕೆಂಚನ್ನ ಇನ್ನು ಒಂಟಿ ಬಿಡಲ್ಲಮ್ಮ. ದೇವರಾಣೆ."

ಪಿಂಡದ ಪಕ್ಕದಲ್ಲಿ ಅಷ್ಟು ಹೊತ್ತೂ ಬಿಡಿಸಿ ಹಿಡಿದಿದ್ದ ಕಪ್ಪು ಛತ್ರಿಯನ್ನು ನಾನು ಮಡಚಿ, ದೂರ ಸರಿದು ನಿಂತೆ. ಕಾಗೆಗಳು ಇಳಿದವು.