ಎರವಲು ತೋಳು

ಹಳೆಯ ವಿದ್ಯಾರ್ಥಿಗಳೆದುರು ಗುಂಡು ಎಸೆದು ತೋರಿಸಲು ಹೋಗಿ ನಿವೃತ್ತ ಡ್ರಿಲ್ ಮೇಷ್ಟ್ರು ಬೋರೇಗೌಡರು ಬಲಭುಜ ಹಾಳುಮಾಡಿಕೊಂಡರು. ಗುಂಡು ಮಾತ್ರ ಅವರ ಕಾಲ ಬುಡದಲ್ಲೇ ಬಿತ್ತು. ಆಸ್ಪತ್ರೆಯವರು ಎಲ್ಲರಿಗೂ ಮಾಡುವಂತೆ ಭುಜವನ್ನು ತೋಳಿನ ಸಮೇತ ಬಿಚ್ಚಿ ರಿಪೇರಿಗೆ ಇಟ್ಟುಕೊಂಡು, ಆರು ವಾರದ ಮಟ್ಟಿಗೆ ಯಾರದೋ ಎರವಲು ತೋಳು ಜೋಡಿಸಿ ಕಳಿಸಿದರು.

ಮೂರನೆಯ ದಿನ, ಮುದ್ದೆ ತೊಳಸುತ್ತಿದ್ದ ಹೆಂಡತಿ ಪುಟ್ಟತಾಯಮ್ಮ ತನ್ನ ಭುಜ ಹಿಡಿದುಕೊಂಡು ನಿಂತದ್ದು ಗೌಡರ ಕಣ್ಣಿಗೆ ಬಿತ್ತು. ನಲವತ್ತು ವರ್ಷ ಅಡುಗೆಮನೆಯ ಹೊಸ್ತಿಲು ದಾಟದವರು ಎದ್ದು ಹೋಗಿ ಕೋಲು ಕಿತ್ತುಕೊಂಡರು.

"ನಾನಲ್ಲ ಕಣೇ, ಈ ತೋಳು! ಯಾವನೋ ಮುದ್ದೆ ಹೋಟ್ಲು ಅಡುಗೆಯವಂದಿರ್ಬೇಕು. ಕೋಲು ಕಂಡ್ರೆ ಸುಮ್ನಿರಲ್ಲ."

ಅಂದಿನಿಂದ ದಿನಾ ಅವರೇ ತೊಳಸಿದರು. ನೆಂಟರೆದುರು ತೋಳನ್ನು ಬೈಯುತ್ತಲೇ ತೊಳಸಿದರು. ತನ್ನಂಥ ಜಂಬಗಾರನಿಗೆ ದೇವರು ಕೊಟ್ಟ ಕೈಗಿಂತ ಆಸ್ಪತ್ರೆ ಕೊಟ್ಟ ಕೈಯೇ ವಾಸಿ ಎಂದು ಅವರಿಗೇ ನಗು ಬರುತ್ತಿತ್ತು. ಪುಟ್ಟತಾಯಮ್ಮ ಸದ್ದಿಲ್ಲದೆ ಉಂಡಳು.

ಸ್ವಂತ ತೋಳು ಮರಳಿ ಜೋಡಿಸಿದ ದಿನ ಗೌಡರು ಕೇಳಿಯೇಬಿಟ್ಟರು: "ಆ ತೋಳು ಯಾವ ಹೋಟ್ಲಿನವಂದು ಡಾಕ್ಟ್ರೇ?"

"ಯಾರದಾದ್ರೇನು ಮೇಷ್ಟ್ರೇ? ಹಳೇ ಅಭ್ಯಾಸ ಎಲ್ಲ ಅಳಿಸಿಯೇ ಕೊಡ್ತೀವಿ. ನೀವು ಮಾಡಿಸಿದ್ದಷ್ಟೇ ಅದು ಮಾಡೋದು."

ಗೌಡರು ಇಂಗು ತಿಂದ ಮಂಗನಂತಾಗಿ ಜೊತೆಗೆ ಬಂದಿದ್ದ ಹೆಂಡತಿಯತ್ತ ಮೆಲ್ಲಗೆ ತಿರುಗಿದರು.

"ನಂಗೆ ಮೊದ್ಲೇ ಗೊತ್ತಿತ್ತು ಡಾಕ್ಟ್ರೇ," ಎಂದಳು ಪುಟ್ಟತಾಯಮ್ಮ. "ಅಡುಗೆಯವನ ಕೈಯಾಗಿದ್ರೆ ಮುದ್ದೇಲಿ ಅಷ್ಟೊಂದು ಗಂಟು ಇರ್ತಿತ್ತಾ?"