ಬುಡಾ, ಬುಡಾ!

ತರಗೆಲೆಯ ರಾಶಿ ಸರಿಸಿದ ಗಂಗಾ ಹಾಗೇ ಕುಕ್ಕರುಗಾಲಲ್ಲಿ ಕುಳಿತುಬಿಟ್ಟಳು. ಎಳೆಯ ಮಾವಿನ ಕಾಂಡದ ಮೇಲೆ ಗೆದ್ದಲಿನ ಮಣ್ಣು ಬೆರಳುದ್ದ ಏರಿತ್ತು. ಧಾರವಾಡದ ತವರಿನಿಂದ ಬಂದು ಕಾಸರಗೋಡು ಸ್ಟೇಷನ್ನಿನಲ್ಲಿ ಇಳಿದ ಐದು ಆಪೂಸು ಕಸಿಗಳಲ್ಲಿ ಇದೊಂದಕ್ಕೆ ಅವಳೇ ಕೈಯಾರೆ ಕಳೆ ಕಿತ್ತು, ಬುಡಕ್ಕೆ ಒತ್ತಿ ಒತ್ತಿ ಎಲೆ ಮುಚ್ಚಿದ್ದಳು.

ಉಳಿದ ನಾಲ್ಕು ಗಿಡ ತೋಟದ ಆಳು ಲೋಕಯ್ಯನ ಪಾಲಿನವು. ಅವಕ್ಕೆ ಅವನು ಸುತ್ತಲೂ ಎಲೆ ಹಾಸಿ, ಕಾಂಡದ ಹತ್ತಿರ ಮಾತ್ರ ಒಂದು ಗೇಣು ಬೋಳು ಬಿಟ್ಟಿದ್ದ. ಅದಕ್ಕೇ ಜಗಳ ಆಡೋಣವೆಂದು ಅವಳು ಬೆಳಿಗ್ಗೆಯೇ ಬಂದದ್ದು. ನೋಡಿದರೆ, ಆ ನಾಲ್ಕರಲ್ಲಿ ಗೆದ್ದಲಿನ ಸುಳಿವೇ ಇಲ್ಲ.

“ಮೊನ್ನೆ ‘ಬುಡಾ, ಬುಡಾ’ ಅಂತ ಅಷ್ಟು ಒದರಿದೆನಲ್ಲಾ, ಯಾಕ ಬುಡ ಮುಚ್ಚಲಿಲ್ರೀ ಲೋಕಯ್ಯಣ್ಣ?”

“ನೀವು ಬುಡು ಅಂದದ್ದಕ್ಕೇ ಬಿಟ್ಟದ್ದಲ್ವಾ ಅಕ್ಕ!” ಲೋಕಯ್ಯ ತಲೆಯ ಮುಟ್ಟಾಳೆ ಹಿಂದಕ್ಕೆ ಸರಿಸಿದ. “ತುಳುವಿನಲ್ಲಿ ಬುಡು ಅಂದ್ರೆ ಬಿಡು. ನಾನು ಮನೆಯಲ್ಲೂ ಹೇಳಿದೆ, ನಮ್ಮ ಹೊಸ ಅಕ್ಕನಿಗೆ ಕಾಂಡಕ್ಕೆ ಎಲೆ ತಾಗಿದ್ರೆ ಒರಲೆ ಹಿಡಿಯುವ ಸಂಗತಿಯೂ ಗೊತ್ತುಂಟು, ತುಳುವೂ ಬರ್ತದೆ ಅಂತ!”

ಗಂಗಾ ಉಗುರಿನಿಂದ ಮಣ್ಣು ಕೆರೆದಳು. ಒಳಗೆ ತೊಗಟೆ ಇನ್ನೂ ಹಸಿರಾಗಿತ್ತು. ಅವಳಿಗೆ ಉಸಿರೂ ಬಂತು, ನಗುವೂ ಬಂತು. ಅಷ್ಟರಲ್ಲಿ ಲೋಕಯ್ಯ, ಅಕ್ಕನಿಗೆ ಬುಡ ಮುಚ್ಚುವುದೇ ಬೇಕೇನೋ ಎಂದು ಬಗ್ಗಿ, ಚೆಲ್ಲಿದ ಎಲೆಯನ್ನು ಬಾಚಿ ಗಿಡದತ್ತ ತಂದ.

“ಬುಡು!” ಅವಳು ಕೂಗಿದಳು.

ಅವನ ಕೈ ಅರ್ಧಕ್ಕೇ ನಿಂತಿತು. “ಇದು ಯಾವ ಭಾಷೆಯದ್ದು ಅಕ್ಕ?”

“ತುಳುವಿನದ್ದೇ ಮಾರಾಯ್ರೇ!” ಎಂದಳು ಧಾರವಾಡದ ಹುಡುಗಿ.