ಪರದೆಯ ಮೇಲಿನ ಕೂಸು

ಅಂಗೈಯಗಲದ ವಿಡಿಯೋ ಗೇಮಿನ ಪರದೆಯ ಮೇಲೆ ಗಂಡ ಒಂದು ಮಗುವಿನ ಮೂಗು ಒರೆಸುತ್ತಿದ್ದ. ಗಳಿಗೆಗೊಂದು ಹೊಸ ಚೇಷ್ಟೆ ಬರುವ ಆಟ ಅದು. ನೊಣ ಹೊಡೆದ, ಬಲೂನು ಒಡೆದ, ಆಮೇಲೆ ಅದೇ ಮಗುವಿನ ಬೆನ್ನನ್ನು ಬೆರಳ ತುದಿಯಿಂದ ಮೆಲ್ಲಗೆ ತಟ್ಟಿ ತೇಗಿಸಿದ. ಹೆಂಡತಿ ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು ಹಿಂದೆ ನಿಂತಿದ್ದಳು. ಹೆರಿಗೆಯ ರಜೆ ಮುಗಿದಿತ್ತು. ಇವತ್ತು ಹೋಗದಿದ್ದರೆ ಹೊಲಿಗೆ ಕಾರ್ಖಾನೆಯಲ್ಲಿ ಅವಳ ಮಿಷನ್ನಿಗೆ ಬೇರೆಯವರು ಬಂದು ಕೂರುತ್ತಿದ್ದರು.

“ನಂಗೆ ಕೂಸು ಎತ್ತೋಕೇ ಬರಲ್ಲ ಕಣೇ. ಎಲ್ಲಿ ಹಿಡೀಬೇಕೋ ಏನೋ,” ಎಂದ ಅವನು, ಕತ್ತೆತ್ತದೆ.

“ಗಂಡಸರ ಕೈ ಒರಟು ಕಣಮ್ಮ. ಕೂಸು ಎತ್ತೋಕೆ ನನ್ನ ಸೊಂಟವೂ ತಡೆಯಲ್ಲ. ಕೆಲಸ ಬಿಟ್ಬಿಡು,” ಎಂದರು ಬಾಗಿಲಲ್ಲಿದ್ದ ಅತ್ತೆ.

ಪರದೆಯ ಮಗು ಸ್ನಾನಕ್ಕೆ ಬಂತು. ಅವನು ಮೊದಲು ನೀರು ಮುಟ್ಟಿ ನೋಡಿದ, ಬಿಸಿ ಇಳಿಸಿದ, ಕತ್ತಿನ ಕೆಳಗೆ ಬೆರಳು ಕೊಟ್ಟು ಮಗುವನ್ನು ಮಲಗಿಸಿದ. ಇಷ್ಟು ದಿನ ಅವಳು ‘ಪಾಪ, ಇವರಿಗೆ ಗೊತ್ತಾಗಲ್ಲ’ ಎಂದುಕೊಂಡಿದ್ದಳು. ಮೈಯೆಲ್ಲ ಉರಿದುಹೋಯಿತು. ಅವನ ಕೈಯಿಂದ ಗೇಮನ್ನು ಕಿತ್ತುಕೊಂಡು ಕೂಸನ್ನು ಅವನ ತೊಡೆಯ ಮೇಲಿಟ್ಟಳು. ಅವನ ಕೈ ತಾನಾಗಿ ಕೂಸಿನ ಕತ್ತಿನ ಕೆಳಗೆ ಹೋಯಿತು.

ಸೊಂಟ ಮರೆತು ಅತ್ತೆ ಓಡಿಬಂದು ಕೈ ಚಾಚಿದರು.

“ಬಿಡಿ ಅತ್ತೆ, ನಿಮ್ಮ ಮಗನಿಗೆ ಎಲ್ಲಾ ಬರತ್ತೆ,” ಎಂದು ಅವಳು ಚಪ್ಪಲಿ ಮೆಟ್ಟಿಕೊಂಡಳು.